ಪೀಜೋ ಉಪಕರಣಗಳಿಗೆ ಅಧಿಕ ವೋಲ್ಟೇಜ್ ಚಿಪ್: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಪೀಣ್ಯದಿಂದ ನೆಲಮಂಗಲದತ್ತ ಸಾಗುವ ತುಮಕೂರು ರಸ್ತೆಯ ಮಾದಾವರ, ಮಾದನಾಯಕನಹಳ್ಳಿ ಸುತ್ತಮುತ್ತಲಿನ ಸಣ್ಣ ಘಟಕಗಳಿಗೆ ಯಂತ್ರದ ಬಿಡಿಭಾಗಗಳ ತಯಾರಿಕೆ ಹೊಸದಲ್ಲ. ಬಿಡಿಭಾಗಗಳಿಂದ ಮುಂದೆ ಸಾಗಿ ಪೂರ್ಣ ಉಪಕರಣವನ್ನೇ ತಯಾರಿಸಲು ಹೊರಡುವ ಉದ್ಯಮಿಗೆ ಎದುರಾಗುವ ಘಟಕಾಂಶಗಳಲ್ಲಿ ಪೀಜೋ ಚಾಲಕವೂ ಒಂದು. ಅಂಟನ್ನು ಹನಿಹನಿಯಾಗಿ ಬಿಡುವ ಕವಾಟ, ಪೊಟ್ಟಣಗಳ ಮೇಲೆ ದಿನಾಂಕ ಮುದ್ರಿಸುವ ಇಂಕ್‌ಜೆಟ್ ಹೆಡ್, ಅಂಧರ ಬ್ರೈಲ್ ಫಲಕ, ಸೂಕ್ಷ್ಮ ಪಂಪು ಮುಂತಾದವುಗಳಲ್ಲಿ ಪೀಜೋ ಬಳಕೆಯಲ್ಲಿದೆ. ಇವನ್ನು ನಡೆಸುವ ಚಿಪ್‌ನ ಆಯ್ಕೆ ತಪ್ಪಿದರೆ ಮಾದರಿ ಉಪಕರಣವು ಮೇಜಿನ ಮೇಲೆ ಸರಿಯಾಗಿ ನಡೆದರೂ ಗ್ರಾಹಕರ ಬಳಿ ಕೆಡುತ್ತದೆ; ಸರಕು ಹಿಂದಿರುಗುತ್ತದೆ.

ಸ್ಫಟಿಕವನ್ನು ಒತ್ತಿದಾಗ ವಿದ್ಯುತ್ ಉಂಟಾಗುವುದನ್ನು 1880ರಲ್ಲಿ ಝಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸಹೋದರರು ತೋರಿಸಿಕೊಟ್ಟರು. ಇದೇ ಗುಣವನ್ನು ತಿರುವುಮುರುವು ಮಾಡಿ, ವೋಲ್ಟೇಜ್ ಕೊಟ್ಟು ಚಲನೆ ಪಡೆಯುವುದೇ ಪೀಜೋ ಚಾಲಕದ ತತ್ತ್ವ. ವಿದ್ಯುತ್ತಿನ ದೃಷ್ಟಿಯಿಂದ ಇದು ಒಂದು ಕೆಪಾಸಿಟರ್. ಸಾಮಾನ್ಯ ಆಪ್-ಆಂಪ್‌ಗಳು 30ರಿಂದ 36 ವೋಲ್ಟ್‌ಗಳಿಗೆ ಸೀಮಿತವಾಗಿದ್ದು, ಪೀಜೋಗೆ 100ರಿಂದ 200 ವೋಲ್ಟ್‌ಗಳವರೆಗೂ ಬೇಕಾಗುವುದರಿಂದ ಅಧಿಕ ವೋಲ್ಟೇಜ್ ಚಿಪ್‌ಗಳ ಮೊರೆಹೋಗುವುದು ಅನಿವಾರ್ಯ.

ಮೊದಲು ಕರೆಂಟಿನ ಲೆಕ್ಕ

ಬಹುತೇಕ ಖರೀದಿದಾರರು ಡೇಟಾಶೀಟಿನ ಮೊದಲ ಪುಟದ ವೋಲ್ಟೇಜನ್ನಷ್ಟೇ ನೋಡುವುದುಂಟು. ಆದರೆ ಆಯ್ಕೆಯನ್ನು ನಿರ್ಧರಿಸುವುದು ಕರೆಂಟು ಮತ್ತು ಶಾಖ. ಲೋಡು 10 ನ್ಯಾನೋಫ್ಯಾರಡ್‌ನದೆಂದೂ, 0ಯಿಂದ 100 ವೋಲ್ಟ್‌ವರೆಗೆ ಸೆಕೆಂಡಿಗೆ 1,000 ಬಾರಿ ಸೈನ್ ತರಂಗದಲ್ಲಿ ಏರಿಳಿಯಬೇಕೆಂದೂ ಇಟ್ಟುಕೊಳ್ಳೋಣ. ಗರಿಷ್ಠ ಕರೆಂಟು ಎಂದರೆ 2 × 3.14 × ಆವರ್ತನ × ಕೆಪಾಸಿಟೆನ್ಸ್ × ವೋಲ್ಟೇಜ್ ಏರಿಳಿತದ ಅರ್ಧ. ಇಲ್ಲಿ ಅದು ಸುಮಾರು 3.1 ಮಿಲಿಆಂಪಿಯರ್. ಅದೇ ವೋಲ್ಟೇಜ್ ಮತ್ತು ಆವರ್ತನದಲ್ಲಿ ಪದರಗಳನ್ನು ಜೋಡಿಸಿದ 1 ಮೈಕ್ರೋಫ್ಯಾರಡ್‌ನ ಪೀಜೋ ಇದ್ದರೆ 314 ಮಿಲಿಆಂಪಿಯರ್ ಬೇಕು. ಮೊದಲನೆಯದಕ್ಕೆ ಸಣ್ಣ ಚಿಪ್ ಸಾಕು. ಎರಡನೆಯದಕ್ಕೆ ದೊಡ್ಡ ಆಂಪ್ಲಿಫಯರೇ ಬೇಕು.

ತಟ್ಟನೆ ಏರಬೇಕಾದ ಚೌಕ ತರಂಗದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಅನಲಾಗ್ ಡಿವೈಸಸ್ ಕಂಪನಿಯ ಎಡಿಎಚ್‌ವಿ4702-1 ಚಿಪ್ 220 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ. ಅದರ ವೋಲ್ಟೇಜ್ ಏರಿಕೆಯ ವೇಗ ಮೈಕ್ರೋಸೆಕೆಂಡಿಗೆ 74 ವೋಲ್ಟ್ ಎಂದಿದೆ. ಆದರೆ ಅದು ನೀಡಬಲ್ಲ ಕರೆಂಟು ಸುಮಾರು 20 ಮಿಲಿಆಂಪಿಯರ್. 20 ಮಿಲಿಆಂಪಿಯರನ್ನು 10 ನ್ಯಾನೋಫ್ಯಾರಡ್‌ನಿಂದ ಭಾಗಿಸಿದರೆ ದೊರೆಯುವುದು ಮೈಕ್ರೋಸೆಕೆಂಡಿಗೆ 2 ವೋಲ್ಟ್ ಮಾತ್ರ. 100 ವೋಲ್ಟ್ ಏರಲು 50 ಮೈಕ್ರೋಸೆಕೆಂಡ್ ಬೇಕು. ಇದು ಚಿಪ್‌ನ ದೋಷವಲ್ಲ, ಲೋಡಿನ ಗುಣ.

ಪೀಜೋ ತಯಾರಕರು ನೀಡುವ ಕೆಪಾಸಿಟೆನ್ಸನ್ನು ಸಾಮಾನ್ಯವಾಗಿ ಅತಿ ಕಡಿಮೆ ವೋಲ್ಟೇಜಿನಲ್ಲಿ ಅಳೆದಿರುತ್ತಾರೆ. ಪೂರ್ಣ ವೋಲ್ಟೇಜಿನಲ್ಲಿ ಅದು ಒಂದೂವರೆ ಪಟ್ಟು ಆಗುವುದೂ ಉಂಟು. ಲೆಕ್ಕದಲ್ಲಿ ಈ ಹೆಚ್ಚಳವನ್ನೂ, ಮೀಟರಿಗೆ ಸುಮಾರು 100 ಪಿಕೋಫ್ಯಾರಡ್‌ನಂತೆ ಕೋಆಕ್ಸಿಯಲ್ ಕೇಬಲ್ಲಿನ ಪಾಲನ್ನೂ ಸೇರಿಸತಕ್ಕದ್ದು.

ಶಾಖದ ಲೆಕ್ಕ

ಕೆಪಾಸಿಟರ್ ಶಕ್ತಿಯನ್ನು ಬಳಸಿಕೊಳ್ಳುವುದಿಲ್ಲ, ತುಂಬಿಸಿಕೊಂಡು ಹಿಂದಿರುಗಿಸುತ್ತದೆ. ಲೀನಿಯರ್ ಆಂಪ್ಲಿಫಯರಿನಲ್ಲಿ ಹೀಗೆ ಓಡಾಡುವ ಶಕ್ತಿಯೆಲ್ಲ ಬಹುಪಾಲು ಚಿಪ್‌ನಲ್ಲೇ ಶಾಖವಾಗುತ್ತದೆ. ಕೆಪಾಸಿಟೆನ್ಸ್, ವೋಲ್ಟೇಜ್ ಏರಿಳಿತ, ಆವರ್ತನ ಮತ್ತು ಒಟ್ಟು ಪೂರೈಕೆ ವೋಲ್ಟೇಜ್ ಇವುಗಳ ಗುಣಲಬ್ಧವೇ ಆ ಶಾಖ. ಮೇಲಿನ ಉದಾಹರಣೆಗೆ ಋಣ 10 ಮತ್ತು ಧನ 110, ಅಂದರೆ ಒಟ್ಟು 120 ವೋಲ್ಟ್ ಪೂರೈಕೆ ಕೊಟ್ಟರೆ ಶಾಖ 0.12 ವಾಟ್. 1 ಮೈಕ್ರೋಫ್ಯಾರಡ್ ಆದರೆ 12 ವಾಟ್!

ಲೋಡೇ ಇಲ್ಲದಿದ್ದಾಗಲೂ ಚಿಪ್ ಒಂದಿಷ್ಟು ಕರೆಂಟು ಎಳೆಯುತ್ತದೆ. ಅದು 3 ಮಿಲಿಆಂಪಿಯರ್ ಆದರೆ 120 ವೋಲ್ಟ್‌ನಲ್ಲಿ 0.36 ವಾಟ್; ಸಣ್ಣ ಲೋಡಿನಲ್ಲಿ ಇದೇ ದೊಡ್ಡ ಪಾಲು. ಎರಡೂ ಸೇರಿ 0.48 ವಾಟ್. ಪ್ರತಿ ವಾಟಿಗೆ 60 ಡಿಗ್ರಿ ಏರುವ ಜೋಡಣೆಯಲ್ಲಿ ಚಿಪ್ ಸುತ್ತಲಿನ ಗಾಳಿಗಿಂತ 29 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ತಗಡಿನ ಶೆಡ್ಡಿನಲ್ಲಿಟ್ಟ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ 50 ಡಿಗ್ರಿ ಇದ್ದರೂ ತೊಂದರೆಯಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಎಂಟು ಚಿಪ್‌ಗಳನ್ನು ಇಟ್ಟಾಗ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ಯಾವ ಬಗೆಯ ಚಿಪ್?

ಅಲೆಯ ಆಕಾರ ನಿಖರವಾಗಿರಬೇಕಾದಲ್ಲಿ ಲೀನಿಯರ್ ಆಪ್-ಆಂಪ್ ಸೂಕ್ತ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಒಪಿಎ454 ಒಟ್ಟು 100 ವೋಲ್ಟ್‌ಗೂ, ಎಲ್‌ಟಿಸಿ6090 140 ವೋಲ್ಟ್‌ಗೂ ಹೊಂದುತ್ತವೆ. ಪೂರೈಕೆಯ ಪೂರ್ಣ ವೋಲ್ಟೇಜು ಹೊರಬರುವುದಿಲ್ಲವಾದ್ದರಿಂದ, ಲೋಡಿಗೆ 100 ವೋಲ್ಟ್ ಬೇಕಾದಲ್ಲಿ 100 ವೋಲ್ಟ್‌ನ ಚಿಪ್ ಸಾಲದು. ಬ್ಯಾಟರಿಯಿಂದ ನಡೆಯುವ ಸಣ್ಣ ಉಪಕರಣಗಳಿಗೆ, ಕಡಿಮೆ ವೋಲ್ಟೇಜನ್ನು ಒಳಗೇ ಏರಿಸಿಕೊಳ್ಳುವ ಡಿಆರ್‌ವಿ2667ರಂತಹ ಚಿಪ್‌ಗಳಿವೆ. ಕೇವಲ ತೆರೆಯುವ, ಮುಚ್ಚುವ ಕವಾಟಕ್ಕೆ ಲೀನಿಯರ್ ಚಿಪ್ ಬೇಕಿಲ್ಲ. ಸ್ವಿಚ್ ಮಂಡಲವೇ ಅಗ್ಗ.

ಕೆಪಾಸಿಟರ್ ಲೋಡಿನಿಂದ ಆಪ್-ಆಂಪ್ ತಾನಾಗಿ ಕಂಪಿಸತೊಡಗುವುದೂ ಉಂಟು. ಔಟ್‌ಪುಟ್ಟಿಗೆ ಸರಣಿಯಲ್ಲಿ ಸೂಕ್ತ ರೆಸಿಸ್ಟರ್ ಹಾಕಿ, ನಿಜವಾದ ಪೀಜೋ ಮತ್ತು ನಿಜವಾದ ಉದ್ದದ ಕೇಬಲ್‌ನೊಡನೆ ಆಸಿಲೋಸ್ಕೋಪಿನಲ್ಲಿ ಪರೀಕ್ಷಿಸುವುದು ಅವಶ್ಯಕ.

ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

1. ಇಂತಹ ಚಿಪ್ ತಯಾರಕರು ಕೆಲವರೇ. ಸೂಪರ್‌ಟೆಕ್ಸ್ 2014ರಲ್ಲಿ ಮೈಕ್ರೋಚಿಪ್‌ಗೂ, ಲೀನಿಯರ್ ಟೆಕ್ನಾಲಜಿ 2017ರಲ್ಲಿ ಅನಲಾಗ್ ಡಿವೈಸಸ್‌ಗೂ ಸೇರಿದವು. ಒಂದರ ಬದಲು ಇನ್ನೊಂದನ್ನು ನೇರವಾಗಿ ಕೂರಿಸಲಾಗದ ಕಾರಣ, ಚಿಪ್ ಉತ್ಪಾದನೆಯಲ್ಲಿ ಮುಂದುವರಿಯುವುದೇ ಎಂಬುದನ್ನು ವಿಚಾರಿಸತಕ್ಕದ್ದು.

2. ಅಧಿಕೃತ ವಿತರಕರಿಂದಲೇ ಕೊಂಡು ಬಿಲ್ಲು ಮತ್ತು ಬ್ಯಾಚ್ ಸಂಖ್ಯೆಯನ್ನು ಕಾಯ್ದಿಡುವುದು ಲೇಸು. 2021–22ರ ಚಿಪ್ ಕೊರತೆಯನ್ನು ನೆನೆದು, ಸರಕು ಒಪ್ಪಿಸುವ ದಿನಾಂಕ ಕೊಡುವ ಮೊದಲು ವಿತರಕರ ಪೂರೈಕೆ ಅವಧಿಯನ್ನು ಲಿಖಿತವಾಗಿ ಪಡೆಯಬೇಕು.

3. ಸರ್ಕ್ಯೂಟ್ ಬೋರ್ಡಿನಲ್ಲಿ ಅಧಿಕ ವೋಲ್ಟೇಜ್ ಗೆರೆಗಳ ನಡುವೆ ಅಂತರ ಬಿಟ್ಟು, ಫ್ಲಕ್ಸನ್ನು ಪೂರ್ತಿ ತೊಳೆಯಬೇಕು. ಮಳೆಗಾಲದ ತೇವದಲ್ಲಿ ಉಳಿದ ಫ್ಲಕ್ಸ್ ಸೋರಿಕೆಗೆ ದಾರಿ ಮಾಡುತ್ತದೆ.

4. ಪೀಜೋವನ್ನು ಬಿಸಿ ಮಾಡಿದರೆ ಅಥವಾ ತಟ್ಟಿದರೆ ಅದೇ ವೋಲ್ಟೇಜ್ ಉತ್ಪಾದಿಸುತ್ತದೆ. ಚಿಪ್‌ನ ರಕ್ಷಣೆಗೆ ಡಯೋಡುಗಳೂ, ದುರಸ್ತಿ ಮಾಡುವವರ ರಕ್ಷಣೆಗೆ ಚಾರ್ಜ್ ಇಳಿಸುವ ರೆಸಿಸ್ಟರೂ ಇರಲೇಬೇಕು.

ಕೆಪಾಸಿಟೆನ್ಸ್, ವೋಲ್ಟೇಜ್, ಆವರ್ತನ ಮತ್ತು ಪೆಟ್ಟಿಗೆಯೊಳಗಿನ ಉಷ್ಣತೆ ಈ ನಾಲ್ಕು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ವಿತರಕರ ಬಳಿಗೆ ಹೋಗುವ ಉದ್ಯಮಿಗೆ ತಕ್ಕ ಚಿಪ್ ದೊರೆಯುವುದು ಸುಲಭ. ಬೇಡದ ವೋಲ್ಟೇಜಿಗೆ ಹಣ ತೆರುವುದೂ ತಪ್ಪುತ್ತದೆ.