ಕಾಣದ ಬೆಳಕಿನ ಪರೀಕ್ಷಕ

ಬೇಸಿಗೆಯಲ್ಲಿ ಕಲಬುರಗಿಯ ಮನೆಗಳ ಶಹಾಬಾದ್ ಕಲ್ಲಿನ ಅಂಗಳವು ಸೂರ್ಯನು ಮುಳುಗಿ ಬಹಳ ಹೊತ್ತಾದರೂ ಬಿಸಿಯನ್ನು ಸೂಸುತ್ತಲೇ ಇರುತ್ತದೆ. ಕತ್ತಲೆಯಲ್ಲಿ ಕಲ್ಲು ಹೊಳೆಯುವುದಿಲ್ಲ. ಆದರೂ ಅದರ ಕಾವು ಮುಖಕ್ಕೆ ತಾಗುತ್ತದೆ. ಕಣ್ಣಿಗೆ ಗೋಚರಿಸದ ಈ ಕಿರಣಗಳಿಗೆ ಅವಕೆಂಪು ಕಿರಣಗಳೆಂದು ಹೆಸರು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿಯು ಬಿಸಿಲನ್ನು ಗಾಜಿನ ಅಶ್ರಗದ ಮೂಲಕ ಹಾಯಿಸಿ, ಮೂಡಿದ ಬಣ್ಣದ ಪಟ್ಟಿಯಲ್ಲಿ ಉಷ್ಣಮಾಪಕಗಳನ್ನು ಇರಿಸಿದನು. ಕೆಂಪಿನ ಆಚೆಗೆ, ಏನೂ ಕಾಣದ ಎಡೆಯಲ್ಲಿಯೇ ಉಷ್ಣಮಾಪಕವು ಹೆಚ್ಚಿನ ಕಾವನ್ನು ತೋರಿತು.

ಈ ಕಾಣದ ಬೆಳಕು ಇಂದು ಮನೆಮನೆಯಲ್ಲಿಯೂ ದುಡಿಯುತ್ತಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ತಲಪಿಸುವ ಪ್ರಯೋಗ ನಡೆದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುವು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಅಂದಿನ ಪೆಟ್ಟಿಗೆಗಳನ್ನು ಗುಂಡಿ ತಿರುಗಿಸಿ ನಡೆಸಬೇಕಿತ್ತು. ಇಂದು ಕುಳಿತಲ್ಲಿಂದಲೇ ರಿಮೋಟನ್ನು ಒತ್ತಿದರೆ ಸಾಕು. ರಿಮೋಟಿನ ಮೂತಿಯಲ್ಲಿರುವ ಪುಟ್ಟ ಅವಕೆಂಪು ಎಲ್‌ಇಡಿಯು ಸುಮಾರು 940 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಮಿನುಗಿಸಿ ಆಜ್ಞೆಯನ್ನು ಮುಟ್ಟಿಸುತ್ತದೆ. ಗ್ಯಾಲಿಯಂ ಆರ್ಸೆನೈಡ್ ಡಯೋಡಿನಿಂದ ಇಂಥ ಬೆಳಕು ಹೊಮ್ಮುವುದನ್ನು 1961ರಲ್ಲಿ ಅಮೆರಿಕದ ಬಿಯಾರ್ಡ್ ಮತ್ತು ಪಿಟ್‌ಮನ್ ಎಂಬುವರು ಕಂಡುಕೊಂಡರು.

ತೊಡಕು ಎದುರಾಗುವುದು ಅದು ಕೆಟ್ಟಾಗ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ, ಕೆಂಬಾಳೆಗೆ ಹೆಸರಾದ ಕಮಲಾಪುರದಂಥ ಊರಿನಲ್ಲಿ ದುರಸ್ತಿಗಾರನ ಮುಂದೆ ಮೂಕವಾದ ರಿಮೋಟ್ ಬಂದು ಬೀಳುತ್ತದೆ. ದೋಷವು ಎಲ್‌ಇಡಿಯದೋ, ಒಳಗಿನ ಚಿಪ್ಪಿನದೋ? ತಪ್ಪಾಗಿ ಊಹಿಸಿದರೆ ಬಿಡಿಭಾಗಕ್ಕಾಗಿ ಕಲಬುರಗಿಗೆ ಹೋದ ಬಸ್ಸಿನ ಹಣವೂ ಒಂದು ದಿನದ ಕೂಲಿಯೂ ವ್ಯರ್ಥ. ಮಲ್ಟಿಮೀಟರು ಡಯೋಡಿನ ಮೂಲಕ ವಿದ್ಯುತ್ತು ಹರಿಯುವುದನ್ನಷ್ಟೇ ಹೇಳಬಲ್ಲುದು; ಬೆಳಕು ಹೊರಟಿತೇ ಎಂಬುದನ್ನು ಹೇಳಲಾರದು. ಮೊಬೈಲಿನ ಕ್ಯಾಮೆರಾದಲ್ಲಿ ಕೆಲವೊಮ್ಮೆ ಮಸುಕಾದ ನೇರಳೆ ಬೆಳಕು ಕಾಣುವುದುಂಟು. ಆದರೆ ಅನೇಕ ಕ್ಯಾಮೆರಾಗಳು ಈ ಕಿರಣಗಳನ್ನು ಸೋಸಿಬಿಡುತ್ತವೆ. ಆದುದರಿಂದ ಅವನ್ನು ನಂಬಿ ತೀರ್ಪು ಕೊಡುವಂತಿಲ್ಲ.

ಅಂಗೈಯಲ್ಲಿ ಹಿಡಿಯುವ ಒಂದು ಪರೀಕ್ಷಕವು ಈ ಸಂದೇಹವನ್ನು ಕ್ಷಣದಲ್ಲಿ ಬಗೆಹರಿಸುತ್ತದೆ. ಅದಕ್ಕೆ 9 ವೋಲ್ಟಿನ ಬ್ಯಾಟರಿ ಒಂದು ಸಾಕು. ಒತ್ತುಗುಂಡಿಯ ಮೂಲಕ ಬರುವ ವಿದ್ಯುತ್ತು 390 ಓಮ್ ರೋಧಕವನ್ನು ಹಾದು, ಪರೀಕ್ಷಿಸಬೇಕಾದ ಎಲ್‌ಇಡಿಯನ್ನು ಸಿಕ್ಕಿಸುವ ಗೂಡಿಗೆ ತಲಪುತ್ತದೆ. ಎಲ್‌ಇಡಿಯು ಸುಮಾರು 1.3 ವೋಲ್ಟನ್ನು ಉಪಯೋಗಿಸಿಕೊಳ್ಳುವುದರಿಂದ ಉಳಿದ 7.7 ವೋಲ್ಟು ರೋಧಕದ ಪಾಲಾಗಿ, ಸುಮಾರು 20 ಮಿಲಿಆಂಪಿಯರ್ ಪ್ರವಾಹ ಹರಿಯುತ್ತದೆ. ಹೊಸ ಎಲ್‌ಇಡಿಯ ಉದ್ದನೆಯ ಕಾಲು ಧನಾಗ್ರದ ಕಡೆಗಿರಬೇಕು. ಅವಸರದಲ್ಲಿ ತಿರುಗುಮುರುಗಾಗುವುದು ಸಹಜ. ಇಂಥ ಎಲ್‌ಇಡಿಗಳು ಸಾಮಾನ್ಯವಾಗಿ 5 ವೋಲ್ಟಿಗಿಂತ ಹೆಚ್ಚಿನ ಹಿಮ್ಮುಖ ಒತ್ತಡವನ್ನು ತಾಳಲಾರವು. ಅದಕ್ಕಾಗಿ ಗುಂಡಿಯನ್ನು ಒತ್ತುವ ಮೊದಲು ಕಾಲುಗಳ ದಿಕ್ಕನ್ನು ನೋಡಿಕೊಳ್ಳುವುದು ಒಳಿತು.

ಗೂಡಿಗೆ ಎದುರಾಗಿ ಸಿಲಿಕಾನ್ ಫೋಟೋಟ್ರಾನ್ಸಿಸ್ಟರ್ ಇರುತ್ತದೆ. ಇದೇ ಪರೀಕ್ಷಕದ ಕಣ್ಣು. ಇದರ ಕಲೆಕ್ಟರನ್ನು ಧನಾಗ್ರಕ್ಕೂ, ಎಮಿಟರನ್ನು 1 ಕಿಲೋ ಓಮ್ ರೋಧಕದ ಮೂಲಕ ಬಿಸಿ 547 ಟ್ರಾನ್ಸಿಸ್ಟರಿನ ಬೇಸಿಗೂ ಸೇರಿಸಬೇಕು. ಆ ಟ್ರಾನ್ಸಿಸ್ಟರಿನ ಎಮಿಟರು ಋಣಾಗ್ರಕ್ಕೆ ಸೇರುತ್ತದೆ. ಕಲೆಕ್ಟರಿಗೂ ಧನಾಗ್ರಕ್ಕೂ ನಡುವೆ ಒಂದು ಕೆಂಪು ಎಲ್‌ಇಡಿಯೂ 470 ಓಮ್ ರೋಧಕವೂ ಸಾಲಾಗಿ ಬರುತ್ತವೆ. ಕಾಣದ ಬೆಳಕು ಕಣ್ಣಿಗೆ ಬಿದ್ದೊಡನೆ ಕೆಂಪು ದೀಪ ಬೆಳಗುತ್ತದೆ.

ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಇನ್ನೊಂದು ಎಚ್ಚರ ಅಗತ್ಯ. ಕತ್ತಲೆಯಲ್ಲಿಯೂ ಫೋಟೋಟ್ರಾನ್ಸಿಸ್ಟರಿನಲ್ಲಿ ಅತ್ಯಲ್ಪ ಪ್ರವಾಹ ಸೋರುತ್ತಿರುತ್ತದೆ. ಸೆಕೆ ಏರಿದಂತೆ ಈ ಸೋರಿಕೆಯೂ ಏರುತ್ತದೆ. ಬೇಸಿಗೂ ಋಣಾಗ್ರಕ್ಕೂ ನಡುವೆ 100 ಕಿಲೋ ಓಮ್ ರೋಧಕವನ್ನು ಇಟ್ಟರೆ ಆ ಸೋರಿಕೆ ಅದರ ಮೂಲಕ ಹರಿದುಹೋಗಿ, ದೀಪವು ಸುಳ್ಳು ಹೇಳುವುದಿಲ್ಲ.

ಬಿಸಿಲಿನಲ್ಲಿಯೂ ತಂತಿಯುರಿಯುವ ಬಲ್ಬಿನ ಬೆಳಕಿನಲ್ಲಿಯೂ ಅವಕೆಂಪು ಧಾರಾಳವಾಗಿದೆ. ಆದಕಾರಣ ಗೂಡನ್ನೂ ಕಣ್ಣನ್ನೂ ಒಂದೇ ಕೊಳವೆಯೊಳಗೆ ಮುಚ್ಚಬೇಕು. ಕಪ್ಪಗಿದ್ದ ಮಾತ್ರಕ್ಕೆ ಎಲ್ಲ ಪ್ಲಾಸ್ಟಿಕ್ಕೂ ಆಗದು. ಕೆಲವು ಬಗೆಯ ಕಪ್ಪು ಪ್ಲಾಸ್ಟಿಕ್ಕಿಗೆ ಅವಕೆಂಪು ಕಿರಣ ಗಾಜಿನಲ್ಲಿ ಹಾದಂತೆ ಹಾಯುತ್ತದೆ. ಲೋಹದ ಕೊಳವೆಯೇ ಲೇಸು. ಇಡೀ ರಿಮೋಟನ್ನು ಪರೀಕ್ಷಿಸುವಾಗ ಗೂಡನ್ನು ಖಾಲಿ ಬಿಟ್ಟು, ಕೊಳವೆಯ ತೆರೆದ ತುದಿಗೆ ರಿಮೋಟಿನ ಮೂತಿಯನ್ನಿಟ್ಟು ಅದರ ಗುಂಡಿಯನ್ನು ಒತ್ತಬೇಕು. ಆಗ ದೀಪವು ಸ್ಥಿರವಾಗಿ ಬೆಳಗದೆ ಪಟಪಟನೆ ಮಿಣುಕಿದರೆ ಸಂಜ್ಞೆಗಳು ಹೊರಡುತ್ತಿವೆ ಎಂದರ್ಥ. ಮಿಣುಕದಿದ್ದರೆ ಹೊಸ ಸೆಲ್ ಹಾಕಿ ನೋಡಿ, ಬಳಿಕ ಎಲ್‌ಇಡಿಯನ್ನು ಬಿಚ್ಚಿ ಗೂಡಿನಲ್ಲಿ ಸಿಕ್ಕಿಸಬೇಕು. ಅಲ್ಲಿ ಬೆಳಗಿದರೆ ದೋಷವು ರಿಮೋಟಿನ ಉಳಿದ ಭಾಗದಲ್ಲಿದೆ.

ಅಂಗಳದ ಬಿಸಿಗಲ್ಲಿನ ಎದುರು ಹಿಡಿದರೆ ಮಾತ್ರ ಈ ಪರೀಕ್ಷಕವು ಸುಮ್ಮನಿರುತ್ತದೆ. ಕಲ್ಲಿನ ಕಾವಿನ ಕಿರಣಗಳ ಅಲೆಯುದ್ದ ಸುಮಾರು 10,000 ನ್ಯಾನೋಮೀಟರ್. ಸಿಲಿಕಾನ್ ಕಾಣಬಲ್ಲುದು ಸುಮಾರು 1,100ರವರೆಗೆ ಮಾತ್ರ.