ರೀಮ್ಯಾಪ್ ಆದ ಟರ್ಬೊ ಕಾರು: ರೀಡಿಂಗ್ ಓದುವ ಸೂತ್ರಗಳು

ಭಾನುವಾರ ಬೆಳಗಾದರೆ ಚಿಕ್ಕಬಳ್ಳಾಪುರ, ನಂದಿ ಕಡೆಗೆ ಬರುವ ಟರ್ಬೊ ಕಾರುಗಳಲ್ಲಿ ರೀಮ್ಯಾಪ್ ಮಾಡಿಸಿದವೂ ಇರುತ್ತವೆ. ಒಬಿಡಿ ಸಾಕೆಟ್‌ಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಅಂಕಿಗಳು ಮೊಬೈಲಿಗೆ ಬಂದು ಬೀಳುತ್ತವೆ. ಅವನ್ನು ಸರಿಯಾಗಿ ಓದಿದರೆ ಎಂಜಿನ್ ಉಳಿಯುತ್ತದೆ.

1. ಮೊದಲು ಊರಿನ ಗಾಳಿಯ ಒತ್ತಡ ಗುರುತಿಸಿಕೊಳ್ಳಿ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಒಳಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನೋಡಿ. ನಂದಿ ಬೆಟ್ಟದ ಕೆಳಗಿನ ಮುದ್ದೇನಹಳ್ಳಿಯಲ್ಲಿ ಅದು ಸುಮಾರು 91 ಕಿಲೊಪಾಸ್ಕಲ್ ತೋರಿಸಬೇಕು. 1478 ಮೀಟರ್ ಎತ್ತರದ ನಂದಿ ತುದಿಯಲ್ಲಿ ಸುಮಾರು 85. ಸಮುದ್ರಮಟ್ಟದ ಅಂಕಿ 101. ಕೆಲವು ಆ್ಯಪ್‌ಗಳು ಎಲ್ಲಿದ್ದರೂ ಈ 101ನ್ನೇ ಕಳೆದು ಬೂಸ್ಟ್ ಲೆಕ್ಕ ಹಾಕುತ್ತವೆ. ಮ್ಯಾಪ್ 170 ಇದ್ದರೆ ಅಂಥ ಆ್ಯಪ್ 10 ಪಿಎಸ್‌ಐ ಎನ್ನುತ್ತದೆ. ಮುದ್ದೇನಹಳ್ಳಿಯಲ್ಲಿ ನಿಜವಾದ ಬೂಸ್ಟ್ ಸುಮಾರು 11.5. ಬೆಟ್ಟದ ಮೇಲೂ ಅದೇ 170 ತಲುಪಬೇಕೆಂದರೆ ಟರ್ಬೊ 12ಕ್ಕಿಂತ ಹೆಚ್ಚು ಒತ್ತಬೇಕು, ಅಂದರೆ ಇನ್ನೂ ವೇಗವಾಗಿ ತಿರುಗಬೇಕು. ಎಂಜಿನ್ನಿಗೆ ಸಿಗುವ ಗಾಳಿ ಅಷ್ಟೇ, ಟರ್ಬೊಗೆ ಬೀಳುವ ದುಡಿಮೆ ಹೆಚ್ಚು. ಬೆಟ್ಟದ ಲಾಗನ್ನು ಬಯಲಿನ ಲಾಗಿನ ಪಕ್ಕ ಇಟ್ಟು ಹೋಲಿಸುವವರು ಇದನ್ನು ಮರೆಯಬಾರದು.

2. ಮ್ಯಾಪ್ 255ಕ್ಕೆ ಬಂದು ಅಲ್ಲೇ ನಿಂತರೆ ಅದು ಬೂಸ್ಟ್ ಅಲ್ಲ. ಒಬಿಡಿಯ ಮಾಮೂಲಿ ಅಳತೆ ಅದಕ್ಕಿಂತ ಮೇಲಿನ ಅಂಕಿ ಹೇಳಲಾರದು. ದೊಡ್ಡ ಟರ್ಬೊ ಹಾಕಿಸಿದವರು ಪ್ರತ್ಯೇಕ ಗೇಜ್ ಇಟ್ಟುಕೊಳ್ಳಿ.

3. ಚೆಕ್ ಎಂಜಿನ್ ಲೈಟ್ ಕಂಡ ಕೂಡಲೇ ಕೋಡ್ ಅಳಿಸಬೇಡಿ. ದೋಷ ದಾಖಲಾದ ಕ್ಷಣದ ಆರ್‌ಪಿಎಂ, ಲೋಡ್, ಕೂಲಂಟ್ ತಾಪ ಎಲ್ಲವೂ ಫ್ರೀಜ್ ಫ್ರೇಮ್‌ನಲ್ಲಿ ಇರುತ್ತವೆ. ಕೋಡ್ ಅಳಿಸಿದರೆ ಅವೂ ಹೋಗುತ್ತವೆ. ಫೋಟೊ ತೆಗೆದಿಟ್ಟುಕೊಂಡು ಮುಂದಿನ ಕೆಲಸ.

4. ಕಂಪ್ಯೂಟರ್ ಇಂಧನಕ್ಕೆ ಮಾಡುವ ತಿದ್ದುಪಡಿಯಾದ ಫ್ಯುಯಲ್ ಟ್ರಿಮ್ ಎರಡನ್ನೂ ಕೂಡಿಸಿ ಓದಿ. ಶಾರ್ಟ್ ಮತ್ತು ಲಾಂಗ್ ಸೇರಿ ಶೇ. 5ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. 10 ದಾಟಿದರೆ ಹುಡುಕಾಟ ಶುರು ಮಾಡಿ. ಐಡಲ್‌ನಲ್ಲಿ ಪ್ಲಸ್ ಇದ್ದು ಆರ್‌ಪಿಎಂ ಏರಿದಾಗ ಸರಿಹೋದರೆ ಎಲ್ಲೋ ಪೈಪು ಸೋರಿ ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ. ಐಡಲ್ ಚೆನ್ನಾಗಿದ್ದು ಲೋಡ್ ಬಿದ್ದಾಗ ಪ್ಲಸ್ ಏರಿದರೆ ಪಂಪ್, ಫಿಲ್ಟರ್ ಕಡೆ ನೋಡಿ. ಇಂಟರ್‌ಕೂಲರ್ ಪೈಪ್ ಬದಲಿಸಿದ ಕಾರುಗಳಲ್ಲಿ ಸಡಿಲ ಕ್ಲ್ಯಾಂಪನ್ನು ಮೊದಲು ಅನುಮಾನಿಸಿ. ಪೂರ್ತಿ ಥ್ರಾಟಲ್‌ನಲ್ಲಿ ಹಲವು ಕಾರುಗಳು ಟ್ರಿಮ್ ತಿದ್ದುವುದನ್ನೇ ನಿಲ್ಲಿಸುತ್ತವೆ. ಅಲ್ಲಿ ಗಾಳಿ-ಇಂಧನ ಮಿಶ್ರಣ ತೋರಿಸುವ ಲ್ಯಾಂಬ್ಡಾವೇ ಆಧಾರ.

5. ಗಾಳಿ-ಇಂಧನ (ಎ/ಎಫ್) ಅನುಪಾತ ಬಿಟ್ಟು ಲ್ಯಾಂಬ್ಡಾ ರೂಢಿಸಿಕೊಳ್ಳಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ, ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ಈಗ ನಮ್ಮ ಬಂಕುಗಳಲ್ಲಿದೆ. ಶುದ್ಧ ಪೆಟ್ರೋಲಿಗೆ 14.7 ಸರಿಯಾದ ಅನುಪಾತ. ಇ20ಗೆ ಅದು ಸುಮಾರು 13.5. ಲ್ಯಾಂಬ್ಡಾ 1 ಮಾತ್ರ ಯಾವ ಇಂಧನಕ್ಕೂ 1. ಇ20ಗಾಗಿ ಮಾಡದ ಟ್ಯೂನ್ ಇದ್ದರೆ ಟ್ರಿಮ್ ಕೆಲವು ಶೇಕಡಾ ಪ್ಲಸ್ ಕಡೆ ಸರಿಯುವುದು ಸಹಜ. ಅದನ್ನೇ ಲೀಕ್ ಎಂದುಕೊಂಡು ಎಂಜಿನ್ ಬಿಚ್ಚಬೇಡಿ.

6. ನಾಕ್ ರಿಟಾರ್ಡನ್ನು ಒಳಗೆ ಹೋಗುವ ಗಾಳಿಯ ತಾಪದ ಜೊತೆಗಿಟ್ಟು ನೋಡಿ. ನಂದಿ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಹತ್ತಿ, ಮೇಲೆ ಸಾಲಿನಲ್ಲಿ ನಿಂತರೆ ಇಂಟರ್‌ಕೂಲರ್‌ಗೆ ಗಾಳಿಯೇ ತಾಗುವುದಿಲ್ಲ. ಆ ಬಿಸಿಯಲ್ಲಿ ಮತ್ತೆ ಕಾಲು ಒತ್ತಿದಾಗ ಟೈಮಿಂಗ್ ಹಿಂದೆ ಸರಿದರೆ ಕಂಪ್ಯೂಟರ್ ಎಂಜಿನ್ನನ್ನು ಕಾಪಾಡುತ್ತಿದೆ ಎಂದರ್ಥ. ತಣ್ಣಗಿರುವಾಗಲೂ, ಎಲ್ಲ ಸಿಲಿಂಡರುಗಳಲ್ಲೂ ಅದೇ ಮರುಕಳಿಸಿದರೆ ಬೂಸ್ಟ್ ಇಳಿಸಿ. ಇದರಲ್ಲಿ ರಾಜಿ ಬೇಡ. ಪಿಸ್ಟನ್ ಒಡೆಯುವುದು ಇಲ್ಲೇ.

7. ಪಿ0299 ಎಂದರೆ ಬೂಸ್ಟ್ ಸಾಲದು, ಪಿ0234 ಎಂದರೆ ಮಿತಿ ಮೀರಿದೆ. ಎರಡಕ್ಕೂ ಹೊಸ ಟರ್ಬೊ ತರಲು ಓಡಬೇಡಿ; ವೇಸ್ಟ್‌ಗೇಟ್ ನೋಡಿ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಹಾಕಿಸಿದ ಸ್ವಯಂಚಾಲಿತ ಗೇಟುಗಳು ನೀರು ಮಿತಿ ಮೀರಿದಾಗ ತಾವೇ ತೆರೆದುಕೊಳ್ಳುತ್ತಿದ್ದವು. ವೇಸ್ಟ್‌ಗೇಟ್ ಹೊಗೆಗೆ ಮಾಡುವುದೂ ಅದನ್ನೇ. ಅದು ಪೂರ್ತಿ ಮುಚ್ಚದಿದ್ದರೆ ಮೊದಲ ಕೋಡ್, ತೆರೆಯದೆ ಸಿಕ್ಕಿಕೊಂಡರೆ ಎರಡನೆಯದು. ಅದರ ರಬ್ಬರ್ ಹೋಸ್ ಬಿರುಕು ಬಿಟ್ಟಿದೆಯೇ ಎಂದು ಬೆರಳಿಂದ ಬಗ್ಗಿಸಿ ನೋಡಿ.

8. ಒಮ್ಮೆಗೆ ನಾಲ್ಕೈದು ರೀಡಿಂಗ್ ಸಾಕು. ಪಟ್ಟಿ ಉದ್ದವಾದಷ್ಟೂ ಅಡಾಪ್ಟರ್ ನಿಧಾನ.

9. ಲೈಟ್ ಆರಿದೆ ಎಂದು ಕಾರು ಆರೋಗ್ಯವಾಗಿದೆ ಎನ್ನಬೇಡಿ. ಕ್ಯಾಟಲಿಸ್ಟ್ ಕಿತ್ತ ಕಾರಿನಲ್ಲಿ ಪಿ0420 ಬರದಂತೆ ಸಾಫ್ಟ್‌ವೇರ್‌ನಲ್ಲೇ ಬಾಯಿ ಮುಚ್ಚಿಸಿರುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಕೇಳಲೇಬೇಕು. ನೋಂದಣಿ ಪತ್ರದ ವಿವರಕ್ಕೆ ಹೊಂದದ ಮಾರ್ಪಾಡುಗಳಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಒಡ್ಡುತ್ತದೆ. ಸ್ಪ್ಯಾನರ್ ಹಿಡಿಯುವ ಮುನ್ನವೇ ವಿಚಾರಿಸಿಕೊಳ್ಳಿ.

10. ಓಡಿಸುವವರು ಮೊಬೈಲ್ ನೋಡಬೇಡಿ. ಲಾಗ್ ಉಳಿಸಿಕೊಂಡು ಮನೆಯಲ್ಲಿ ಕೂತು ಓದಿ. ಪೂರ್ತಿ ಥ್ರಾಟಲ್ ಪರೀಕ್ಷೆಯನ್ನು ಡೈನೊ ಮೇಲೆ ಮಾಡಿಸಿ. ನಂದಿ ರಸ್ತೆಯಲ್ಲಿ ಬೆಳಗಿನ ಜಾವವೇ ಸೈಕಲ್ ತುಳಿಯುವವರು, ಹೂವು-ತರಕಾರಿ ಹೊತ್ತ ಗಾಡಿಗಳು ಇರುತ್ತವೆ. ದಯವಿಟ್ಟು ಅಲ್ಲಿ ಬೂಸ್ಟ್ ಅಳೆಯಬೇಡಿ.