ಕಸವೂ ಸರಕೂ

ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಮೋಟಾರು ಗಾಡಿಯನ್ನು ಬಿಚ್ಚುವುದನ್ನು ನೋಡಿದವರಿಗೆ ಒಂದು ಸಂಗತಿ ಮನದಟ್ಟಾಗುತ್ತದೆ. ಓಡಲಾರದ ಆ ಗಾಡಿಗೆ ಇಡಿಯಾಗಿ ಹೆಚ್ಚಿನ ಬೆಲೆಯಿಲ್ಲ. ಆದರೆ ಅದರ ಬಾಗಿಲು, ದೀಪ, ಗಾಜು, ಚಕ್ರಗಳು ಬೇರೆಬೇರೆಯಾದೊಡನೆ ಒಂದೊಂದಕ್ಕೂ ಒಬ್ಬೊಬ್ಬ ಗಿರಾಕಿ ದೊರೆಯುತ್ತಾನೆ. ಉಳಿದ ಕಬ್ಬಿಣ ತೂಕಕ್ಕೆ ಹೋಗುತ್ತದೆ; ತಂತಿಯೊಳಗಿನ ತಾಮ್ರಕ್ಕಂತೂ ಕಬ್ಬಿಣದ ಹಲವು ಪಟ್ಟು ಬೆಲೆ. ಕೂಡಿಕೊಂಡಿದ್ದಾಗ ಕಸವಾಗಿದ್ದುದು ಬಿಡಿಸಿದಾಗ ಸರಕಾಗುತ್ತದೆ. ನಗರದ ಕಸ ವಿಲೇವಾರಿಯ ವಿದ್ಯೆಯ ಬಹುಭಾಗ ಈ ಸೂತ್ರದ ವಿಸ್ತರಣೆಯೆಂದರೆ ತಪ್ಪಾಗಲಾರದು.

ಬೆಂಗಳೂರಿನ ದಂಡುಪ್ರದೇಶ 1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ಹುಟ್ಟಿತು. 1862ರಲ್ಲಿ ದಂಡಿಗೊಂದು, ಪೇಟೆಗೊಂದು ಪುರಸಭೆ ಏರ್ಪಟ್ಟವು. 1898ರಲ್ಲಿ ಊರನ್ನು ಹೊಕ್ಕ ಪ್ಲೇಗು ಎರಡು ಪುರಸಭೆಗಳಿಗೂ ಚೊಕ್ಕಟದ ಪಾಠವನ್ನು ಬಲು ಕಠಿಣವಾಗಿ ಕಲಿಸಿತು. ಅನಂತರ ನಿರ್ಮಾಣವಾದ ಫ್ರೇಜರ್ ಟೌನಿನಂತಹ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕಿರಿದಾದ ಓಣಿಗಳನ್ನು ಬಿಟ್ಟಿದ್ದುದನ್ನು ಕಾಣುತ್ತೇವೆ. ಹೊಲಸನ್ನು ಹೊರುವವರು ಮುಂಬಾಗಿಲಿಗೆ ಬಾರದೆ ಈ ಓಣಿಗಳಲ್ಲಿ ಬಂದುಹೋಗಬೇಕೆಂಬುದು ಅಂದಿನ ಏರ್ಪಾಡು. ಆರೋಗ್ಯದ ದೃಷ್ಟಿಯಿಂದ ಮಾಡಿದ ಆ ಏರ್ಪಾಡಿನಲ್ಲಿ, ಕಸದ ಜೊತೆಗೆ ಕಸ ತೆಗೆಯುವವನನ್ನೂ ಕಣ್ಣಿನಿಂದ ಮರೆಮಾಡುವ ಮನೋಭಾವ ಇಲ್ಲದಿರಲಿಲ್ಲ.

ಆ ಕಾಲದ ಮನೆಯ ಕಸವೆಂದರೆ ಒಲೆಯ ಬೂದಿ, ತರಕಾರಿಯ ಸಿಪ್ಪೆ, ಊಟದ ಎಲೆ, ತೆಂಗಿನ ಕರಟ. ಅದರ ಬಹುಪಾಲು ತಿಪ್ಪೆಯಲ್ಲಿ ಕೊಳೆತು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಕಾಗದ, ಸೀಸೆಗಳು ತಲೆಯ ಮೇಲೆ ಬುಟ್ಟಿ ಹೊತ್ತು ಕೂಗುತ್ತ ಬರುವವನ ಪಾಲಾಗುತ್ತಿದ್ದವು. ಹರಿದ ಸೀರೆಗೂ ಒಂದು ಪಾತ್ರೆ ದೊರೆಯುತ್ತಿತ್ತು. ಚೌಕಾಶಿಯಲ್ಲಿ ಗೃಹಿಣಿ ಗೆದ್ದಳೋ ಪಾತ್ರೆಯವಳು ಗೆದ್ದಳೋ ಹೇಳುವುದು ಕಷ್ಟ. ಅನಂತರ ಬಂದ ಪ್ಲಾಸ್ಟಿಕ್ಕು ಈ ಲೆಕ್ಕವನ್ನು ಕೆಡಿಸಿತು. ಅದು ಕೊಳೆಯುವುದಿಲ್ಲ; ಕೊಳೆಯುವ ಪದಾರ್ಥವನ್ನು ತನ್ನೊಳಗೆ ಕಟ್ಟಿಟ್ಟುಕೊಂಡು ಅದನ್ನೂ ಸರಿಯಾಗಿ ಕೊಳೆಯಗೊಡುವುದಿಲ್ಲ.

ಎಲ್ಲವನ್ನೂ ಬೆರೆಸಿ ಊರ ಹೊರಗೆ ಸುರಿದರೆ ಏನಾಗುವುದೆಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. ಹಲಸೂರಿನಿಂದ ಹೊರಟ ಹಳೆಯ ಮದ್ರಾಸು ರಸ್ತೆ ಇಂದಿರಾನಗರದ ಅಂಚನ್ನು ಹಾದು, ಕೃಷ್ಣರಾಜಪುರವನ್ನು ದಾಟಿ ಮುಂದೆ ಸಾಗುತ್ತದೆ. ಅಲ್ಲಿಂದ ಬೂದಿಗೆರೆಯ ಕಡೆಗೆ ತಿರುಗಿದರೆ ಸಿಗುವುದು ಮಂಡೂರು. ನಗರದ ಕಸ ಹೊತ್ತ ಲಾರಿಗಳು ವರ್ಷಗಳ ಕಾಲ ಈ ಹಳ್ಳಿಗೆ ಬಂದವು. 2012ರಲ್ಲಿ ಉತ್ತರ ದಿಕ್ಕಿನ ಮಾವಳ್ಳಿಪುರದ ಸುರಿದಾಣ ಮುಚ್ಚಿದಾಗ ಮಂಡೂರಿನ ಹೊರೆ ಇನ್ನಷ್ಟು ಹೆಚ್ಚಿತು. ಬೆರೆತ ಕಸ ಕೊಳೆತು ಒಸರುವ ಕರಿಯ ರಸ ನೆಲಕ್ಕಿಳಿದು ಅಂತರ್ಜಲವನ್ನು ಕೆಡಿಸುತ್ತದೆ. ಒಳಗೆ ಹುಟ್ಟುವ ಮೀಥೇನ್ ಅನಿಲ ಹೊತ್ತಿಕೊಂಡರೆ ಬೆಂಕಿ ಸುಲಭವಾಗಿ ಆರುವುದಿಲ್ಲ. ಮಂಡೂರಿನ ಜನ ರಸ್ತೆಗಿಳಿದು ಲಾರಿಗಳನ್ನು ತಡೆದರು. 2014ರ ಬೇಸಿಗೆಯಲ್ಲಿ ಹೋರಾಟ ತೀವ್ರವಾದಾಗ ಸರ್ಕಾರ ಡಿಸೆಂಬರ್ 1ರವರೆಗೆ ಅವಕಾಶ ಕೇಳಿತು; ಆ ವೇಳೆಗೆ ಲಾರಿಗಳು ನಿಂತವು. ಆದರೆ ಬಿದ್ದ ಕಸ ಲಾರಿಗಳೊಡನೆ ಎದ್ದುಹೋಗಲಿಲ್ಲ. ಇಂದಿರಾನಗರದ ಮನೆಯಲ್ಲಿ ಎರಡು ನಿಮಿಷದ ಶ್ರಮ ಉಳಿಯಿತೆಂದು ಹತ್ತಾರು ಮೈಲಿ ದೂರದ ರೈತನ ಬಾವಿಯ ನೀರು ಕೆಡುವುದು ಯಾವ ನ್ಯಾಯ?

ಮನೆಯಲ್ಲಿಯೇ ಕಸವನ್ನು ವಿಂಗಡಿಸುವುದನ್ನು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2012ರ ಅಕ್ಟೋಬರಿನಿಂದ ಕಡ್ಡಾಯ ಮಾಡಿತು. 2015ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಈ ಪದ್ಧತಿಯನ್ನು ಎತ್ತಿಹಿಡಿದು, ಎರಡು ಬುಟ್ಟಿ ಒಂದು ಚೀಲದ ಕ್ರಮವನ್ನು ಪಾಲಿಸುವಂತೆ ಆದೇಶಿಸಿತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ನೈರ್ಮಲ್ಯ ಸಂಬಂಧದ ತ್ಯಾಜ್ಯಕ್ಕೆ, ಚೀಲ ಒಣ ಕಸಕ್ಕೆ. ಪಾಲಿಕೆ 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳಾಗಿ ಒಡೆಯಿತು.

ಮನೆಯಿಂದ ಹೊರಟ ಕಸ ಮೊದಲು ಆಟೋ ಟಿಪ್ಪರ್ ಏರುತ್ತದೆ. ಹಸಿ ಕಸ ಅದರಿಂದ ದೊಡ್ಡ ಲಾರಿಗೆ ವರ್ಗವಾಗುತ್ತದೆ. ಈ ಲಾರಿಯಲ್ಲಿ ಕಸವನ್ನು ಹಿಂಡಿ ಒತ್ತುವ ಯಂತ್ರವಿರುವುದರಿಂದ ಹಲವು ಟಿಪ್ಪರುಗಳ ಹೊರೆ ಒಂದರಲ್ಲಿ ಅಡಕವಾಗುತ್ತದೆ. ದೂರದ ಪ್ರಯಾಣದ ಖರ್ಚು ಉಳಿಯುತ್ತದೆ. ಆದರೆ ಅದಕ್ಕೆ ಬೆರಕೆ ಕಸ ತುಂಬಿದರೆ ಮುಗಿಯಿತು: ಸಾರಿನಲ್ಲಿ ತೊಯ್ದ ಕಾಗದ, ಗಾಜಿನ ಚೂರು, ಅನ್ನ ಎಲ್ಲವೂ ಒಂದೇ ಮುದ್ದೆ. ಆ ಮುದ್ದೆಯನ್ನು ಬಿಡಿಸಿ ಒಳ್ಳೆಯ ಸರಕನ್ನು ಪಡೆಯುವುದು ಯಂತ್ರಕ್ಕೂ ದುಸ್ತರ. ಬೇರೆಯಾಗಿ ಬಂದ ಹಸಿ ಕಸಕ್ಕಾದರೋ ಗೊಬ್ಬರದ ದಾರಿ ಇದೆ. ಈ ಕೆಲಸಕ್ಕೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು.

ಒಣ ಕಸದ ದಾರಿ ಬೇರೆ. ವಾರ್ಡಿಗೊಂದರಂತೆ ತೆರೆಯಬೇಕೆಂದು ಯೋಜಿಸಿದ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳಿಗೆ ಅದು ಬರುತ್ತದೆ. ಕೇಂದ್ರವೆಂದರೆ ಭವ್ಯ ಕಟ್ಟಡವಲ್ಲ: ತಗಡಿನ ಚಾವಣಿ, ತೂಕದ ಯಂತ್ರ, ವಿಂಗಡಿಸುವ ಜಾಗ, ಸಾಲಾಗಿ ನಿಂತ ಚೀಲಗಳು. ಚೀಲದೊಳಗಿನದನ್ನು ಸುರಿದು ಮೊದಲ ಸುತ್ತಿನಲ್ಲಿ ಕಾಗದ, ಪ್ಲಾಸ್ಟಿಕ್ಕು, ಗಾಜು, ಲೋಹಗಳನ್ನು ಬೇರೆ ಮಾಡುತ್ತಾರೆ. ನಿಜವಾದ ಪಾಂಡಿತ್ಯ ಬೇಕಾಗುವುದು ಎರಡನೆಯ ಸುತ್ತಿಗೆ. ವೃತ್ತಪತ್ರಿಕೆ, ಬರೆದ ಬಿಳಿಯ ಹಾಳೆ, ರಟ್ಟು ಇವುಗಳಿಗೆ ಬೇರೆಬೇರೆ ದರ. ಹಣ್ಣಿನ ರಸದ ಪೊಟ್ಟಣ ಕಾಗದದಂತೆ ಕಂಡರೂ ಅದರಲ್ಲಿ ಪ್ಲಾಸ್ಟಿಕ್ಕಿನ ಪೊರೆಯೂ ಅಲ್ಯೂಮಿನಿಯಮ್ಮಿನ ತೆಳು ಹಾಳೆಯೂ ಅಂಟಿಕೊಂಡಿರುತ್ತವೆ. ಪ್ಲಾಸ್ಟಿಕ್ಕಿನ ಜಾತಿಗಳಂತೂ ಹಲವು. ಪದಾರ್ಥದ ತಳದಲ್ಲಿ ಅಚ್ಚಾದ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕಿ ಅದರ ಜಾತಿಯನ್ನು ತಿಳಿಸುತ್ತದೆ. ನೀರಿನ ಬಾಟಲಿ 1, ಶಾಂಪೂ ಡಬ್ಬಿ ಸಾಮಾನ್ಯವಾಗಿ 2, ಹಾಲಿನ ಪೊಟ್ಟಣ 4. ಒಂದು ಜಾತಿ ಇನ್ನೊಂದರೊಡನೆ ಕರಗಿ ಹೊಂದುವುದಿಲ್ಲ. ಬಾಟಲಿಗಳ ನಡುವೆ ಬೇರೆ ಜಾತಿಯ ಕೆಲವೇ ಚೂರು ಸೇರಿದರೂ ಕರಗಿಸಿದ ಪಾಕವೆಲ್ಲ ಕೆಡಬಹುದು.

ಅಂಕಿ ಅಳಿಸಿಹೋಗಿದ್ದರೆ? ನುರಿತ ಹೆಂಗಸು ಅದನ್ನು ಹಿಸುಕಿ ಸದ್ದು ಕೇಳುತ್ತಾಳೆ. ಒಂದು ಹಾಳೆ ಪರಪರನೆ ಸದ್ದು ಮಾಡುತ್ತದೆ, ಇನ್ನೊಂದು ಮೆತ್ತಗೆ ಮುದುಡುತ್ತದೆ. ಚೂರುಗಳನ್ನು ನೀರಿಗೆ ಹಾಕಿದರೆ ಹಾಲಿನ ಪೊಟ್ಟಣದ ಜಾತಿಯದು ತೇಲುತ್ತದೆ, ನೀರಿನ ಬಾಟಲಿಯದು ಮುಳುಗುತ್ತದೆ. ಪರದೇಶಗಳ ದೊಡ್ಡ ವಿಂಗಡಣಾಲಯಗಳಲ್ಲಿ ಕಸ ಪಟ್ಟಿಯ ಮೇಲೆ ಚಲಿಸುವಾಗ ಅಯಸ್ಕಾಂತ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ. ಅವಕೆಂಪು ಕಿರಣಗಳು ಪ್ಲಾಸ್ಟಿಕ್ಕಿನ ಜಾತಿಯನ್ನು ಗುರುತಿಸಿದೊಡನೆ ಗಾಳಿಯ ಚಿಮ್ಮು ಅದನ್ನು ಬದಿಗೆ ಹಾರಿಸುತ್ತದೆ. ಆದರೆ ಕಡುಗಪ್ಪು ಪ್ಲಾಸ್ಟಿಕ್ಕು ಆ ಕಿರಣಗಳನ್ನು ನುಂಗಿಬಿಡುವುದರಿಂದ ಯಂತ್ರ ಅಲ್ಲಿ ಕುರುಡು. ನಮ್ಮ ವಿಂಗಡಿಸುವವರ ಬೆರಳಿಗೆ ಆ ಕುರುಡುತನವಿಲ್ಲ.

ವಿಂಗಡಿಸಿದ್ದನ್ನು ಒತ್ತಿ ಪಿಂಡಿ ಕಟ್ಟಿ ವ್ಯಾಪಾರಿಗಳಿಗೆ ಮಾರುತ್ತಾರೆ. ಪ್ಲಾಸ್ಟಿಕ್ಕು ಬಹುವಾಗಿ ಪಶ್ಚಿಮದ ನಾಯಂಡಹಳ್ಳಿಯ ಕಡೆಗೆ ಹೋಗಿ ಚೂರಾಗಿ, ತೊಳೆದು, ಕರಗಿ, ಕಾಳಾಗುತ್ತದೆ. ಹಳೆಯ ಅಲ್ಯೂಮಿನಿಯಮ್ಮನ್ನು ಕರಗಿಸಲು, ಅದಿರಿನಿಂದ ಹೊಸದನ್ನು ತೆಗೆಯಲು ಬೇಕಾಗುವ ಶಕ್ತಿಯ ಸುಮಾರು ಶೇಕಡ 5ರಷ್ಟು ಸಾಕು. ಗಾಜನ್ನು ಎಷ್ಟು ಸಲ ಕರಗಿಸಿದರೂ ಗುಣ ಕೆಡದು. ಕಾಗದಕ್ಕೆ ಮಾತ್ರ ಆಯುಷ್ಯವಿದೆ. ಪ್ರತಿ ಸಲವೂ ಅದರ ನಾರು ತುಂಡಾಗುತ್ತ ಐದಾರು ಸಲದಲ್ಲಿ ನಿತ್ರಾಣವಾಗುತ್ತದೆ. ಕುರುಕಲು ತಿಂಡಿಯ ಮಿರುಗುವ ಪೊಟ್ಟಣವನ್ನು ಕೊಳ್ಳುವವರಿಲ್ಲ. ಹಲವು ಪದರಗಳು ಅಂಟಿದ ಅದು ಸಿಮೆಂಟು ಕಾರ್ಖಾನೆಯ ಗೂಡಿಗೆ ಉರುವಲಾದರೆ ಅದೇ ಹೆಚ್ಚು. ಉಳಿದ ಸರಕಿನ ಬೆಲೆಯೂ ಸ್ಥಿರವಲ್ಲ. 2014ರ ಉತ್ತರಾರ್ಧದಿಂದ ಕಚ್ಚಾ ತೈಲ ಅಗ್ಗವಾದಾಗ ಹೊಸ ಪ್ಲಾಸ್ಟಿಕ್ಕೂ ಅಗ್ಗವಾಗಿ, ಹಳೆಯದನ್ನು ಕೇಳುವವರು ಕಡಿಮೆಯಾದರು. ಎಲ್ಲಿಯೋ ತೈಲದ ಬೆಲೆ ಇಳಿದರೆ ಇಲ್ಲಿ ಆಯುವವಳ ದಿನದ ಗಳಿಕೆ ಇಳಿಯುತ್ತದೆ.

ಈ ಕೆಲಸದವರಲ್ಲಿ ಬಹುಮಂದಿ ಹಿಂದೆ ಬೀದಿಯ ತೊಟ್ಟಿಗಳಲ್ಲಿ ಚಿಂದಿ ಆಯುತ್ತಿದ್ದವರು. ಹೆಗಲಿನ ಚೀಲವನ್ನು ಕಂಡು ಕಳ್ಳರೆಂದು ಸಂಶಯಪಡುವವರೇ ಹೆಚ್ಚಾಗಿದ್ದರು. ಲೋಕ ಅದಾಲತ್ತಿನ ನಿರ್ದೇಶನದಂತೆ 2011ರಲ್ಲಿ ಪಾಲಿಕೆ ಇವರಿಗೆ ವೃತ್ತಿಯ ಗುರುತಿನ ಚೀಟಿಗಳನ್ನು ನೀಡಿತು. ‘ಹಸಿರು ದಳ’ ಎಂಬ ಸಂಸ್ಥೆ ಇವರ ನಡುವೆ ಕೆಲಸ ಮಾಡುತ್ತಿದೆ. ಒಣ ಕಸದ ಕೇಂದ್ರಗಳನ್ನು ನಡೆಸುವವರಲ್ಲಿ ಹಿಂದೆ ಚಿಂದಿ ಆಯುತ್ತಿದ್ದವರೂ ಇದ್ದಾರೆ. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮಗಳಲ್ಲಿ ಆಯುವವರ ವೃತ್ತಿಗೆ ಹೆಸರು ಸಿಕ್ಕಿತು.

ಇವರು ನಮ್ಮಿಂದ ಕೇಳುವುದು ಸಣ್ಣ ಸಣ್ಣ ಸಂಗತಿಗಳನ್ನು. ಹಾಲಿನ ಪೊಟ್ಟಣವನ್ನು ತೊಳೆದು ಒಣಗಿಸಿ ಕೊಡಿ. ಕತ್ತರಿಸುವಾಗ ಮೂಲೆಯ ಚೂರು ಬೇರೆಯಾಗದಿರಲಿ, ಅಷ್ಟು ಸಣ್ಣದನ್ನು ಆಯಲಾಗುವುದಿಲ್ಲ. ಒಡೆದ ಗಾಜು, ಬ್ಲೇಡುಗಳನ್ನು ಸುತ್ತದೆ ಹಾಕಬೇಡಿ. ಗಾಯದ ಪಟ್ಟಿ, ಮಕ್ಕಳ ಡಯಾಪರುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಒಂದು ಕೆಂಪು ಗುರುತು ಹಾಕಿ ಕೊಡಿ. ಆ ಗುರುತನ್ನು ಕಂಡ ಕೈ ಪೊಟ್ಟಣವನ್ನು ಬಿಚ್ಚದೆ ಬದಿಗಿಡುತ್ತದೆ.